ಆರ್ಥೊಡಾಕ್ಸ್ ದೊರೆಗಳ ಗೋಡೆ

ಸಾಂಟಾ ಕ್ಲಾರಾದ ನಮ್ಮ ಕನ್ನಡ ಸಂಘದ ಸಭಾಭವನದ ಗೋಡೆಯ ಮೇಲೆ ಈಗ ಹನ್ನೊಂದು ಮಂದಿ ಸೇನಾಧಿಕಾರಿಗಳಿದ್ದಾರೆ. ಅವರಲ್ಲಿ ಮೊದಲ ನಾಲ್ವರು ಕಳೆದ ಶತಮಾನದಲ್ಲಿ ಬಾಲ್ಕನ್ ಸೀಮೆಯ ಒಂದು ಪುಟ್ಟ ರಾಜ್ಯವನ್ನು ಆಳಿದ ಮನೆತನದವರು. ಐದನೆಯವರು ಉಡುಪಿಯ ಕಡೆಯ ರಾಮನಾಥರು. ಉಳಿದ ಆರು ಮಂದಿ ಸಂಘದ ಕಾರ್ಯಕಾರಿ ಸಮಿತಿಯವರು. ಎಲ್ಲರೂ ಪೂರ್ಣ ಸಮವಸ್ತ್ರದಲ್ಲಿದ್ದಾರೆ. ಹೊಸದಾಗಿ ಬಂದ ಕೆಲವರು ಇದನ್ನು ಕಂಡು ನಗುತ್ತಾರೆಂದು ತಿಳಿದುಬಂದಿರುವುದರಿಂದ, ಪೂಜಾ ಉಪಸಮಿತಿಯ ಸಂಚಾಲಕನಾದ ನಾನು ನಡೆದದ್ದನ್ನು ನಡೆದ ಹಾಗೆ ಬರೆದು ತಿಳಿಸಬೇಕೆಂದು ಸಮಿತಿ ಅಪ್ಪಣೆ ಮಾಡಿದೆ. ನನ್ನ ಬಾಯಿಂದ ಒಂದು ಮಾತೂ ಹೆಚ್ಚು ಬಾರದಂತೆ ದೇವರು ನೋಡಿಕೊಳ್ಳಲಿ.

ಭವನ ನಮ್ಮದಲ್ಲ. ಈಗ ಚಿಪ್ ಕಾರ್ಖಾನೆಗಳಿರುವ ಕಡೆಯೆಲ್ಲ ಒಂದು ಕಾಲಕ್ಕೆ ಏಪ್ರಿಕಾಟ್ ತೋಟಗಳಿದ್ದವು. ಆ ತೋಟ ಮಾಡಿದವರಲ್ಲಿ ಬಾಲ್ಕನ್ ಸೀಮೆಯಿಂದ ಬಂದವರು ಬಹಳ. ಅವರು ತಮ್ಮ ಹಬ್ಬಹರಿದಿನಕ್ಕೆಂದು ಈ ಭವನ ಕಟ್ಟಿ, ವೇದಿಕೆಯ ಹಿಂದಿನ ಗೋಡೆಗೆ ತಮ್ಮ ದೊರೆಗಳ ಚಿತ್ರ ತೂಗುಹಾಕಿದರು. ಆಮೇಲೆ ತೋಟಗಳು ಹೋದವು, ಮಕ್ಕಳು ವಾಲ್ನಟ್ ಕ್ರೀಕ್ ಮುಂತಾದ ಕಡೆ ಮನೆ ಮಾಡಿದರು. ಉಳಿದದ್ದು ಭವನ, ನಾಲ್ಕು ಚಿತ್ರ, ಬೀಗದ ಕೈ ಇಟ್ಟುಕೊಂಡಿದ್ದ ಮಿರ್ಕೋ ಎಂಬ ವೃದ್ಧರು.

ಚಿತ್ರಗಳು ಆಳೆತ್ತರದವು. ಹಿರಿಯ ದೊರೆಗಳ ಮೀಸೆಯ ಎರಡು ತುದಿಗೂ ಒಂದೊಂದು ನಿಂಬೆಹಣ್ಣು ನಿಲ್ಲಿಸಬಹುದು. ಎದೆಯಲ್ಲಿ ಜಾಗ ಸಾಲದೆ ಕೆಲವು ಪದಕಗಳು ಹೊಟ್ಟೆಗೆ ಇಳಿದಿವೆ. ಬಿಳಿ ಗರಿಯ ಟೋಪಿ ಕಂಕುಳಲ್ಲಿದೆ. ಯುವರಾಜರ ಜರಿಯ ಕಾಲರು ಕಿವಿಯವರೆಗೆ ಬಂದಿರುವುದರಿಂದ ಅವರು ಯಾರ ಕಡೆಗೂ ತಿರುಗಿ ನೋಡುವಂತಿಲ್ಲ. ದೊರೆಗಳ ತಮ್ಮ ಕೋಟನ್ನು ಒಂದೇ ಭುಜಕ್ಕೆ ತೊಟ್ಟು ಇನ್ನೊಂದು ತೋಳನ್ನು ಬೆನ್ನಿಗೆ ಬಿಟ್ಟಿದ್ದಾರೆ. ರಾಣಿಯವರು ಒಂದು ಕುದುರೆ ದಳಕ್ಕೆ ಗೌರವ ಕರ್ನಲ್ ಆಗಿದ್ದರಂತೆ. ಆದ್ದರಿಂದ ರೇಷ್ಮೆ ಲಂಗದ ಮೇಲೆ ಸಿಪಾಯಿ ಕೋಟು.

೧೯೮೪ರಲ್ಲಿ ಈ ಭವನವನ್ನು ಹುಡುಕಿಕೊಟ್ಟವರು ರಾಮನಾಥರು. ಸಂಘವನ್ನು ಹುಟ್ಟುಹಾಕಿದವರೂ ಅವರೇ. ಊರಿಂದ ಯಾರೇ ಬರಲಿ, ಸ್ಯಾನ್ ಫ್ರಾನ್ಸಿಸ್ಕೋ ಏರ್ಪೋರ್ಟಿನಲ್ಲಿ ಕಂದು ಸ್ವೆಟರು ತೊಟ್ಟು, ‘ಕನ್ನಡ’ ಎಂದು ಬರೆದ ಒಂದು ರಟ್ಟನ್ನು ಎತ್ತಿ ಹಿಡಿದು ನಿಂತಿರುತ್ತಿದ್ದರು. ಕಾರಿನಲ್ಲಿ ಥರ್ಮಾಸಿನ ತುಂಬ ಕಾಫಿ. ಈಗ ಗೋಡೆಯ ಮೇಲಿರುವ ನಾವು ಆರು ಮಂದಿಯೂ ಈ ದೇಶದಲ್ಲಿ ಮೊದಲು ಕುಡಿದದ್ದು ಆ ಕಾಫಿಯನ್ನೇ. ಇದು ಸಂಘದ ಇತಿಹಾಸದಲ್ಲಿ ಸೇರಿಲ್ಲ. ಇತಿಹಾಸ ಬರೆಯುವ ಸಮಿತಿ ಇನ್ನೂ ಸಭೆ ಸೇರಿಲ್ಲ.

ಆ ವರ್ಷದ ರಾಜ್ಯೋತ್ಸವದ ಬೆಳಿಗ್ಗೆ ಒಂದು ತೊಡಕು ಬಂತು. ವೇದಿಕೆಯ ಮೇಲೆ ಭುವನೇಶ್ವರಿಯ ಪಟಕ್ಕೆ ಮಾಲೆ ಹಾಕಿದ್ದಾಗಿತ್ತು. ಹಿಂದೆ ಗೋಡೆಯಲ್ಲಿ ನಾಲ್ಕು ಜನ ಮಾಲೆಯಿಲ್ಲದೆ ನಿಂತಿದ್ದರು. ಚಿತ್ರಗಳನ್ನು ಇಳಿಸಕೂಡದೆಂದು ಮಿರ್ಕೋ ಮೊದಲೇ ಹೇಳಿದ್ದರು.

ಕಾರ್ಯದರ್ಶಿ ಶೇಷಾದ್ರಿ ಕೈಕಟ್ಟಿ ನಿಂತು ಯೋಚಿಸಿದರು. "ವೇದಿಕೆ ಮೇಲಿರೋ ಪಟಕ್ಕೆ ಮಾಲೆ ಇಲ್ಲ ಅಂದ್ರೆ ಅದು ಅಗೌರವ. ಯಾರು ಏನು ಅಂತ ಗೊತ್ತಿಲ್ಲದೆ ಮಾಲೆ ಹಾಕಿದ್ರೆ ಅದು ಅಪಚಾರ. ಯಾವುದು ಕಡಿಮೆ ತಪ್ಪು ಅಂತ ವ್ಯಾಸರಾಜರೇ ಹೇಳಬೇಕು."

ವ್ಯಾಸರಾಜ ಎಂದರೆ ನಾನು. ನಾನು ಹೇಳುವ ಮೊದಲು ನನ್ನ ಹೆಂಡತಿ ವೇದವತಿ ನೇರ ಮಿರ್ಕೋ ಹತ್ತಿರ ಹೋಗಿ, ತನಗೆ ಬರುವ ಇಂಗ್ಲಿಷಿನಲ್ಲಿ, ಇವರೆಲ್ಲ ಯಾವ ಜನ ಎಂದು ಕೇಳಿದಳು.

ಮಿರ್ಕೋ ಎದೆಯ ಮೇಲೆ ಕೈಯಿಟ್ಟುಕೊಂಡರು. "ಆರ್ಥೊಡಾಕ್ಸ್, ಮೇಡಂ. ಎಲ್ಲರೂ ಆರ್ಥೊಡಾಕ್ಸ್. ಬಹಳ ಆರ್ಥೊಡಾಕ್ಸ್."

ನಮ್ಮ ಕಡೆ ಈ ಮಾತಿಗೆ ಅರ್ಥ ಒಂದೇ. ಹೆಣ್ಣು ನೋಡಲು ಹೋಗುವಾಗ ‘ಬಹಳ ಆರ್ಥೊಡಾಕ್ಸ್ ಮನೆ’ ಎಂದರೆ ಮಡಿ ಇದೆ, ಏಕಾದಶಿ ಇದೆ, ಈರುಳ್ಳಿ ಬೆಳ್ಳುಳ್ಳಿ ಇಲ್ಲ ಎಂದು. ವೇದವತಿ ದೊರೆಗಳನ್ನು ಮತ್ತೊಮ್ಮೆ ನೋಡಿ, "ಮೀಸೆ ನೋಡಿದ್ರೆ ಹಾಗನ್ನಿಸೋದಿಲ್ಲ. ಆದ್ರೂ ಮುಖದಲ್ಲಿ ಒಂದು ಕಳೆ ಇದೆ, ನೋಡಿ" ಎಂದಳು. ಮಿರ್ಕೋ ಇನ್ನೂ ವಿವರ ಕೊಟ್ಟರು. ಬುಧವಾರ, ಶುಕ್ರವಾರ ಮಾಂಸವಿಲ್ಲ, ಹಾಲಿಲ್ಲ. ದೊಡ್ಡ ಹಬ್ಬಕ್ಕೆ ಮುಂಚೆ ವಾರಗಟ್ಟಲೆ ಉಪವಾಸ. ಹಬ್ಬವೂ ಎಲ್ಲರ ಜೊತೆ ಬರುವುದಿಲ್ಲ, ಅವರದು ಹಳೆಯ ಪಂಚಾಂಗವಾದ್ದರಿಂದ ಹದಿಮೂರು ದಿನ ತಡವಾಗಿ ಬರುತ್ತದೆ.

"ಪಂಚಾಂಗದ ಭೇದ ಬೇರೆ ಇದೆಯಾ!" ಎಂದಳು ವೇದವತಿ. "ಹಾಗಾದ್ರೆ ಸಂಶಯವೇ ಇಲ್ಲ."

ಕುರ್ಚಿ ಹಾಕುತ್ತಿದ್ದ ರಾಮನಾಥರು ಅಲ್ಲಿಂದಲೇ ನಕ್ಕರು. "ಅದು ಬೇರೆ ಆರ್ಥೊಡಾಕ್ಸ್ ಮಾರಾಯ್ರೇ, ಇಗರ್ಜಿಯದ್ದು, ಕ್ರಿಶ್ಚಿಯನ್ನರದ್ದು."

"ಆರ್ಥೊಡಾಕ್ಸಿನಲ್ಲಿ ಬೇರೆ ಅನ್ನೋದು ಇಲ್ಲ ರೀ," ಎಂದರು ಶೇಷಾದ್ರಿ. "ಬೇರೆ ಇದ್ರೆ ಅದು ಆರ್ಥೊಡಾಕ್ಸ್ ಹೇಗಾಗುತ್ತೆ?"

"ಆಯ್ತು, ಹಾಕಿ ಮಾಲೆ. ನಮಗಿಂತ ಮೊದಲು ಇಲ್ಲಿಗೆ ಬಂದವರಲ್ವಾ, ಹಾಕಿದ್ರೆ ತಪ್ಪೇನಿಲ್ಲ" ಎಂದು ರಾಮನಾಥರು ಉಳಿದ ಕುರ್ಚಿಗಳನ್ನೂ ಹಾಕಿ, ಏರ್ಪೋರ್ಟಿಗೆ ಹೊತ್ತಾಯಿತೆಂದು ಹೊರಟರು. ಅವರು ಇಡೀ ಕಾರ್ಯಕ್ರಮ ನೋಡಿದ್ದು ಯಾವ ವರ್ಷವೂ ಇಲ್ಲ.

ನಾನು ನಾಲ್ವರಿಗೂ ಮಾಲೆ ಹಾಕಿದೆ. ಗಾಜಿನ ಮೇಲೆ ಗಂಧ ಕುಂಕುಮ ಹಚ್ಚಿದೆ. ಗೋತ್ರ ತಿಳಿಯದವರಿಗೆ ಕಾಶ್ಯಪ ಗೋತ್ರ ಹೇಳುವ ಪದ್ಧತಿ ಇರುವುದರಿಂದ ಸಂಕಲ್ಪಕ್ಕೂ ಅಡ್ಡಿಯಾಗಲಿಲ್ಲ. ವೇದವತಿ ರಾಣಿಯವರ ಮುಂದೆ ಅರಿಶಿನ ಕುಂಕುಮ, ಒಂದು ರವಿಕೆ ಕಣ ಇಟ್ಟಳು. ಇದನ್ನೆಲ್ಲ ಬಾಗಿಲಲ್ಲಿ ನಿಂತು ನೋಡಿದ ಮಿರ್ಕೋ ಅತ್ತುಬಿಟ್ಟರು. ತಮ್ಮ ಮೊಮ್ಮಕ್ಕಳೇ ಈ ಚಿತ್ರಗಳನ್ನು ಕಂಡು ಸರ್ಕಸ್ಸಿನವರಾ ಎಂದು ಕೇಳುತ್ತಾರೆ, ನೀವು ಹೂ ಹಾಕಿದಿರಿ, ಇನ್ನು ಮುಂದೆ ನಿಮಗೆ ಬಾಡಿಗೆಯಿಲ್ಲ, ದೊರೆಗಳಿಗೆ ಮರ್ಯಾದೆ ತಪ್ಪದಂತೆ ನೋಡಿಕೊಂಡರೆ ಸಾಕು ಎಂದರು.

ಅಧ್ಯಕ್ಷ ವೆಂಕಟಾಚಲ ಅವರು ಕೂಡಲೇ ವೇದಿಕೆ ಹತ್ತಿ, ಕರ್ನಾಟಕಕ್ಕೂ ಬಾಲ್ಕನ್ ಸೀಮೆಗೂ ಅನಾದಿ ಕಾಲದಿಂದ ಇರುವ ಸಂಬಂಧದ ಬಗ್ಗೆ ಮಾತನಾಡಿದರು. ಆ ಸಂಬಂಧ ಅಂದು ಬೆಳಿಗ್ಗೆ ಆರಂಭವಾಗಿತ್ತು. ಅಂದಿನಿಂದ ದೊರೆಗಳ ಕಣ್ಣಿಗೆ ಬೀಳುವ ಕಡೆ ಈರುಳ್ಳಿಯ ಪದಾರ್ಥ ಇಡತಕ್ಕದ್ದಲ್ಲವೆಂಬ ನಿಯಮ ಜಾರಿಗೆ ಬಂತು. ಈರುಳ್ಳಿ ಬೇಕಾದವರು ಪಾರ್ಕಿಂಗ್ ಲಾಟಿನಲ್ಲಿ, ಕಾರಿನ ಮರೆಯಲ್ಲಿ ತಿನ್ನುತ್ತಾರೆ. ಅಲ್ಲಿ ಯಾವಾಗಲೂ ಒಳಗಿಗಿಂತ ಹೆಚ್ಚು ಜನ.

ಮರುವರ್ಷದ ಬೇಸಿಗೆಯಲ್ಲಿ ರಾಮನಾಥರು ಹೃದಯ ನಿಂತು ತೀರಿಕೊಂಡರು. ವಯಸ್ಸು ಹೋಗುವಂಥದ್ದಲ್ಲ. ಸಂತಾಪ ಸಭೆಯಲ್ಲಿ ವೆಂಕಟಾಚಲ ಅವರು ಕಣ್ಣೀರು ಒರೆಸಿಕೊಳ್ಳುತ್ತ, ರಾಮನಾಥರ ಭಾವಚಿತ್ರವನ್ನು ಇದೇ ಗೋಡೆಯ ಮೇಲೆ ಹಾಕುವುದಾಗಿ ಮಾತು ಕೊಟ್ಟರು. ಎಲ್ಲರೂ ಎದ್ದು ನಿಂತು ಅನುಮೋದಿಸಿದರು. ಅನಂತರ ಎಲ್ಲರೂ ಕುಳಿತರು. ಹಾಗೆಯೇ ಕುಳಿತಿದ್ದೆವು. ವರ್ಷಾಂತಿಕ ಹತ್ತಿರ ಬಂದಾಗ ಅವರ ಹೆಂಡತಿ ಸ್ನೇಹಲತಾ ಸಮಿತಿಯ ಸಭೆಗೆ ಬಂದರು. ಆಕೆ ಆಸ್ಪತ್ರೆಯೊಂದರಲ್ಲಿ ರಕ್ತ ಪರೀಕ್ಷೆ ಮಾಡುವವರು. ಅಲ್ಲಿಂದಲೇ ಬಿಳಿ ಕೋಟಿನಲ್ಲಿ ಬಂದಿದ್ದರು. ಕೈಯಲ್ಲಿ ಕಟ್ಟು ಹಾಕಿಸಿದ ಫೋಟೋ. ಕಂದು ಸ್ವೆಟರು, ಎತ್ತಿದ ಕೈಯಲ್ಲಿ ರಟ್ಟು, ಹಿಂದೆ ಏರ್ಪೋರ್ಟಿನ ಗಾಜು.

"ಬರುವ ತಿಂಗಳು ವರ್ಷ ಆಗ್ತದೆ," ಎಂದರು. "ಜನ ಹೆಸರೂ ಮರೀತಿದ್ದಾರೆ. ಮೊನ್ನೆ ಅಂಗಡಿಯಲ್ಲಿ ಒಬ್ಬರು ‘ರಾಮನಾಥ ಅಂದ್ರೆ ಯಾರು’ ಅಂತ ನನ್ನನ್ನೇ ಕೇಳಿದ್ರು. ಆ ದಿನ ಇದು ಗೋಡೆಯಲ್ಲಿರಬೇಕು, ನಾನು ಕೆಳಗೆ ನಿಂತು ನೋಡ್ಬೇಕು. ಅಷ್ಟೇ."

ಮಿರ್ಕೋ ಅವರನ್ನು ಕರೆಸಲಾಯಿತು. ಅವರು ಫೋಟೋ ನೋಡಿ ಬಹಳ ಹೊತ್ತು ತಲೆ ಆಡಿಸಿದರು. ರಾಮನಾಥರೆಂದರೆ ಅವರಿಗೂ ಪ್ರೀತಿ. ಆದರೆ ಹಿಂದೆ ಯಾರೋ ತೋಟದ ಕೊಳೆ ಬಟ್ಟೆಯಲ್ಲಿದ್ದ ತಮ್ಮ ಮಾವನ ಚಿತ್ರವನ್ನು ದೊರೆಗಳ ಪಕ್ಕ ಹಾಕಲು ಹೋಗಿ ಹೊಡೆದಾಟವಾಗಿ, ಅಂದೇ ಒಂದು ನಿಯಮ ಆಗಿತ್ತಂತೆ. ಅದನ್ನು ಶೇಷಾದ್ರಿ ಭಕ್ತಿಯಿಂದ ಕನ್ನಡಿಸಿದರು: "ಸಮಾರಂಭದ ಪೂರ್ಣ ಸೈನಿಕ ಸಮವಸ್ತ್ರವನ್ನು ಧರಿಸದ ಯಾವ ವ್ಯಕ್ತಿಯ ಚಿತ್ರವನ್ನೂ ಈ ಗೋಡೆಯ ಮೇಲೆ ತೂಗುಹಾಕತಕ್ಕದ್ದಲ್ಲ."

"ಬೇರೆ ಗೋಡೆ ಇಲ್ವಾ?" ಎಂದು ಸ್ನೇಹಲತಾ ಕೇಳಿದರು.

"ಬೇರೆ ಗೋಡೆ ಇದೆಯಮ್ಮ," ಎಂದರು ವೆಂಕಟಾಚಲ. "ಆದ್ರೆ ನಾನು ಮಾತು ಕೊಟ್ಟಿದ್ದು ಈ ಗೋಡೇದು. ಕೊಟ್ಟ ಮಾತು ತಪ್ಪೋದು ನನ್ನ ಸ್ವಭಾವದಲ್ಲೇ ಇಲ್ಲ."

"ನಾನು ಕೇಳಿದ್ದು ಒಂದು ಮೊಳೆ ಮಾರಾಯ್ರೇ."

"ಮೊಳೆ ಕೊಡೋಣ," ಎಂದರು ಶೇಷಾದ್ರಿ. "ಮೊಳೆಗೆ ಯಾವ ನಿಯಮವೂ ಅಡ್ಡ ಬರೋದಿಲ್ಲ. ನೇತುಹಾಕೋದಕ್ಕೆ ಮಾತ್ರ ಬರುತ್ತೆ."

ಆಗ ತಿರುಮಲೇಶರು ಬಾಯಿ ಬಿಟ್ಟರು. ಅವರು ವಾರದ ದಿನ ಕಾರ್ಖಾನೆಯಲ್ಲಿ ಕಂಪ್ಯೂಟರ್ ಚಿಪ್ಪಿನೊಳಗಿನ ಗೆರೆಗಳ ನಕ್ಷೆಯನ್ನು ದೊಡ್ಡದಾಗಿ ಬರೆಯುವವರು, ವಾರದ ಕೊನೆಗೆ ಎಣ್ಣೆಬಣ್ಣದಲ್ಲಿ ಚಿತ್ರ ಬರೆಯುವವರು. ಫೋಟೋವನ್ನು ಬೆಳಕಿಗೆ ಹಿಡಿದು, "ಮುಖ ಹಾಗೇ ಇರಲಿ ಅಕ್ಕ. ಸಮವಸ್ತ್ರ ನಾನು ಹಾಕ್ತೀನಿ. ಕೈ ಹೇಗೂ ಎತ್ತಿದಾರೆ. ರಟ್ಟು ತೆಗೆದ್ರೆ ಕತ್ತಿ ಸಲೀಸಾಗಿ ಕೂತ್ಕೊಳ್ಳುತ್ತೆ" ಎಂದರು.

ಸ್ನೇಹಲತಾ ಒಬ್ಬೊಬ್ಬರನ್ನೇ ನೋಡಿದರು. "ಕತ್ತಿಯಾ? ಅವರಿಗಾ? ಮನೇಲಿ ಹಲಸಿನ ಡಬ್ಬಿ ತೆಗೀಲಿಕ್ಕೂ ನನ್ನನ್ನೇ ಕರೀತಿದ್ರು! ಬಾತ್‌ರೂಮಲ್ಲಿ ಜೇಡ ಕಂಡ್ರೆ ಲೋಟದಲ್ಲಿ ಹಿಡಿದು ಹೊರಗೆ ಬಿಟ್ಟು ಬರ್ತಿದ್ದ ಜನ."

"ಹಾಗೆ ನೋಡಿದ್ರೆ ಈ ಯುವರಾಜರೂ ಏನು ಕಡಿದು ಹಾಕಿರ್ತಾರೆ ಅಂತೀರಿ?" ಎಂದು ವೆಂಕಟಾಚಲ ಸಮಾಧಾನ ಹೇಳಿದರು.

ಆಕೆ ಫೋಟೋ ಎತ್ತಿಕೊಂಡು ಬಾಗಿಲವರೆಗೆ ಹೋದರು. ಅಲ್ಲಿ ನಿಂತು ಗೋಡೆಯನ್ನೇ ನೋಡಿದರು. ಆ ಗೋಡೆಯ ಕೆಳಗೆ ಎಷ್ಟು ಸಲ ಕುರ್ಚಿ ಹಾಕಿದ ಮನುಷ್ಯ. ತಿರುಗಿ ಬಂದು ಫೋಟೋವನ್ನು ಮೇಜಿನ ಮೇಲಿಟ್ಟರು. "ಆಯ್ತು. ಆದ್ರೆ ಕೋಟಿನ ಒಳಗೆ, ಕುತ್ತಿಗೆ ಹತ್ರ, ಆ ಸ್ವೆಟರು ಒಂದಿಷ್ಟಾದ್ರೂ ಕಾಣ್ಬೇಕು. ಇಲ್ಲದಿದ್ರೆ ನನಗೇ ಗುರುತು ಸಿಗಲಿಕ್ಕಿಲ್ಲ."

ಸಮವಸ್ತ್ರದ ಒಳಗೆ ಉಣ್ಣೆ ಬಟ್ಟೆ ಧರಿಸುವುದನ್ನು ಯಾವ ನಿಯಮವೂ ನಿಷೇಧಿಸಿಲ್ಲವಾದ್ದರಿಂದ, ಬೆರಳಗಲ ಸ್ವೆಟರಿಗೆ ಮಂಜೂರಾತಿ ನೀಡಲಾಯಿತು.

ಚಿತ್ರ ಸಿದ್ಧವಾಗಿ ಸಮಿತಿಯ ಮುಂದೆ ಬಂತು. ಕಡುನೀಲಿ ಕೋಟು, ಜರಿಯ ಭುಜಪಟ್ಟಿ, ಎತ್ತಿದ ಕತ್ತಿ. ಮುಖದಲ್ಲಿ ಮಾತ್ರ ಯಾರದೋ ವಿಮಾನ ತಡವಾಯಿತೆಂಬ ಚಿಂತೆ. ವೆಂಕಟಾಚಲ ಅವರು ಚಿತ್ರದ ಮುಂದೆ ನಿಂತು ತಮ್ಮ ಹೊಟ್ಟೆಯನ್ನು ಒಳಗೆಳೆದುಕೊಂಡರು.

"ತಿರುಮಲೇಶ, ಈ ಕೋಟು ಸ್ವಲ್ಪ ದಪ್ಪ ಇರೋರಿಗೂ ಒಪ್ಪುತ್ತಾ?"

"ದಪ್ಪ ಇದ್ರೆ ಪದಕಕ್ಕೆ ಜಾಗ ಜಾಸ್ತಿ ಸಾರ್."

ಆ ಸಂಜೆಯೇ ಸಮಿತಿಯ ಎಲ್ಲರ ಚಿತ್ರಗಳನ್ನೂ ಬರೆಯಿಸುವುದೆಂದು ತೀರ್ಮಾನವಾಯಿತು. ಬದುಕಿರುವವರ ಪಟಕ್ಕೆ ಮಾಲೆ ಹಾಕುವುದು ಅಶುಭವೆಂದು ನಾನು ಎಚ್ಚರಿಸಿದೆ. ಆದ್ದರಿಂದ ಸದಸ್ಯರು ಕಾಲಾಧೀನರಾಗುವವರೆಗೆ ಅವರ ಪಟಕ್ಕೆ ಶಾಲು ಹೊದಿಸತಕ್ಕದ್ದು, ಅನಂತರ ಮಾಲೆಗೆ ಬಡ್ತಿ ಕೊಡತಕ್ಕದ್ದು ಎಂಬ ನಿಯಮವಾಯಿತು. ಪದವಿಗಳೂ ನಿಶ್ಚಯವಾದವು. ಅಧ್ಯಕ್ಷರು ಫೀಲ್ಡ್ ಮಾರ್ಷಲ್. ಕಾರ್ಯದರ್ಶಿಗಳು ಜನರಲ್. ತಿರುಮಲೇಶರು ಬಣ್ಣ ತಮ್ಮ ಮನೆಯದಾದ್ದರಿಂದ ಬ್ರಿಗೇಡಿಯರ್. ನಾನು ಮೇಜರ್. ನನ್ನ ಚಿತ್ರದಲ್ಲಿ ಹಣೆಯ ಅಂಗಾರ ಅಕ್ಷತೆಯೂ ಭುಜಪಟ್ಟಿಯೂ ಎರಡೂ ಇರಬೇಕೆಂದು ಕೇಳಿಕೊಂಡೆ, ಒಪ್ಪಿದರು. ರಾಮನಾಥರು ಸಭೆಗಳಿಗೆ ಹಾಜರಾಗುವ ಸ್ಥಿತಿಯಲ್ಲಿ ಇಲ್ಲದ್ದರಿಂದ ಅವರಿಗೆ ಕ್ಯಾಪ್ಟನ್.

ಸ್ನೇಹಲತಾ ಅವರಿಗೆ ಇದು ತಿಳಿದು ಮರುದಿನವೇ ನಮ್ಮ ಮನೆಗೆ ಬಂದರು. ಸಮವಸ್ತ್ರವೇ ಬೇಡವೆಂದಿದ್ದ ಆಕೆ ಈಗ ಬೇರೆ ಮಾತಾಡಿದರು.

"ಕ್ಯಾಪ್ಟನ್ನಾ? ಶೇಷಾದ್ರಿ ಜನರಲ್ಲು, ನನ್ನ ಗಂಡ ಕ್ಯಾಪ್ಟನ್ನಾ? ಆ ಶೇಷಾದ್ರಿಯನ್ನ ಏರ್ಪೋರ್ಟಿಂದ ಕರ್ಕೊಂಡು ಬಂದದ್ದು ಯಾರು? ಫ್ರೀವೇ ಮಧ್ಯೆ ವಾಂತಿ ಮಾಡಿದಾಗ ಕಾರು ತೊಳೆದದ್ದು ಯಾರು ಅಂತ ಕೇಳಿ ಅವರ ಹತ್ರ!"

"ಅದಕ್ಕೆ ಒಂದು ಪದಕ ಕೊಡಿಸೋಣ ಬಿಡು ಸ್ನೇಹಾ," ಎಂದಳು ವೇದವತಿ.

"ಒಂದಲ್ಲ, ಎರಡು. ಕಾರು ಹೊಸತು."

ವಿಷಯ ಸಮಿತಿಗೆ ಬಂತು. ದೀರ್ಘ ಚರ್ಚೆಯ ಬಳಿಕ ರಾಮನಾಥರನ್ನು ಮರಣೋತ್ತರವಾಗಿ ಜನರಲ್ ಮಾಡಲಾಯಿತು. ಕುರ್ಚಿಗೊಂದು, ಥರ್ಮಾಸಿಗೊಂದು, ಕಾರು ತೊಳೆದದ್ದಕ್ಕೆರಡು ಪದಕ ಬಂದವು. ಸ್ನೇಹಲತಾ ತೃಪ್ತರಾದರು. ಪದಕ ಹೆಚ್ಚಾಗಿ ಸ್ವೆಟರಿನ ಅಂಚು ಮುಚ್ಚಿಹೋದೀತೆಂದು ತಿರುಮಲೇಶರು ಸೂಚಿಸಿದಾಗ ಮಾತ್ರ, "ಅದೊಂದು ಬಿಡಿ, ಅದೊಂದು ಮುಚ್ಚಬೇಡಿ" ಎಂದರು.

ಅನಾವರಣದ ದಿನ ಬಂತು. ಏಳು ಚಿತ್ರಗಳಿಗೂ ಹಳದಿ ಕೆಂಪು ಬಟ್ಟೆ ಮುಚ್ಚಿತ್ತು. ಸ್ನೇಹಲತಾ ರೇಷ್ಮೆ ಸೀರೆಯುಟ್ಟು ಮುಂದಿನ ಸಾಲಿನಲ್ಲಿ ಕುಳಿತಿದ್ದರು. ರಾಹುಕಾಲಕ್ಕೆ ಮುಂಚೆ ಮುಗಿಸಬೇಕೆಂದು ನಾನು ಅವಸರ ಮಾಡುತ್ತಿದ್ದೆ. ಅಷ್ಟರಲ್ಲಿ ಅಡಿಗೆಮನೆಯ ಫೋನು ಹೊಡೆದುಕೊಂಡಿತು. ಶೇಷಾದ್ರಿ ಹೋಗಿ ಬಂದು ಸಭೆಗೆ ತಿಳಿಸಿದರು: ಮಂಗಳೂರಿನಿಂದ ಅರವಿಂದ ಎಂಬವರು ಹೆಂಡತಿ ರತ್ನಾವತಿಯ ಸಮೇತ ಬಂದಿಳಿದು ಏರ್ಪೋರ್ಟಿನಲ್ಲಿ ಬೆಳಿಗ್ಗೆಯಿಂದ ಕಾಯುತ್ತಿದ್ದಾರೆ. ‘ಕನ್ನಡ’ ಎಂದು ಬರೆದ ರಟ್ಟು ಹಿಡಿದವರು ಒಬ್ಬರು ಬರುತ್ತಾರೆಂದು ಊರಿನಲ್ಲಿ ಯಾರೋ ಹೇಳಿ ಕಳಿಸಿದ್ದಾರೆ.

"ಯಾರು ಹೋಗ್ತೀರಿ?" ಎಂದರು ವೆಂಕಟಾಚಲ.

ಶೇಷಾದ್ರಿ ಕೈಯೆತ್ತಿ ತಡೆದರು. "ಫೀಲ್ಡ್ ಮಾರ್ಷಲ್ಲು ಹೋಗೋ ಹಾಗಿಲ್ಲ. ಜನರಲ್ಲು ಆದೇಶ ಕೊಡಬಹುದು, ಹೋಗೋ ಹಾಗಿಲ್ಲ. ಬ್ರಿಗೇಡಿಯರ್, ಮೇಜರ್ ಎಲ್ಲ ಅಧಿಕಾರಿಗಳು. ಹೋಗಿಬರೋ ಕೆಲಸ ಸಿಪಾಯಿದು."

"ಸಿಪಾಯಿ ಯಾರಿದಾರೆ?"

"ಯಾರೂ ಇಲ್ಲ ಸಾರ್. ಸಿಪಾಯಿಗೆ ಯಾರೂ ಅರ್ಜಿ ಹಾಕಲಿಲ್ಲ."

ಸಿಪಾಯಿಯ ಹುದ್ದೆ ಖಾಲಿಯಿರುವುದನ್ನು ಸಭೆ ವಿಷಾದದಿಂದ ಗಮನಿಸಿತು. ಸೂಕ್ತ ವ್ಯಕ್ತಿ ಸಿಗುವವರೆಗೆ ದಂಪತಿಗಳು ಅಲ್ಲಿಯೇ ಕುಳಿತಿರಬೇಕೆಂದು ಕೋರುವ ನಿರ್ಣಯವನ್ನು ತಿರುಮಲೇಶರು ಮಂಡಿಸಿದರು. ಅನುಮೋದಿಸುವವರು ಎದ್ದು ನಿಲ್ಲಬೇಕೆಂದರು. ಎದ್ದವರು ಸ್ನೇಹಲತಾ ಒಬ್ಬರೇ. ಅನುಮೋದನೆಯೆಂದೇ ನಾವು ತಿಳಿದೆವು. ಆಕೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಪರ್ಸಿನಿಂದ ಕಾರಿನ ಕೀ ತೆಗೆದರು.

"ಸ್ನೇಹಾ, ಈಗಲೇ ಬಟ್ಟೆ ಸರಿಸ್ತಾರೆ. ನೀನು ನೋಡಬೇಕು ಅಂತ ತಾನೇ ಇಷ್ಟೆಲ್ಲ?" ಎಂದು ವೇದವತಿ ಕೈ ಹಿಡಿದಳು.

"ಅವರು ಇದ್ದಿದ್ರೂ ಈ ಹೊತ್ತಿಗೆ ಹೊರಡ್ತಿದ್ರು, ಅಕ್ಕ."

ಹೊರಗೆ ಕಾರಿನ ಡಿಕ್ಕಿ ತೆರೆದ ಸದ್ದಾಯಿತು. ಆ ರಟ್ಟು ಅಲ್ಲಿಯೇ ಇತ್ತು, ಇನ್ನೂ ತೆಗೆದಿರಲಿಲ್ಲ. ಅದನ್ನು ಮುಂದಿನ ಸೀಟಿನಲ್ಲಿಟ್ಟುಕೊಂಡು ಆಕೆ ಹೊರಟುಹೋದರು. ರಾಹುಕಾಲ ಯಾರಿಗೂ ಕಾಯುವುದಿಲ್ಲವಾಗಿ, ಕುಟುಂಬದವರ ಗೌರವಾನ್ವಿತ ಅನುಪಸ್ಥಿತಿಯಲ್ಲಿ ಅನಾವರಣ ನೆರವೇರಿತು. ಚಪ್ಪಾಳೆ ಬಹಳ ಹೊತ್ತು ನಿಲ್ಲಲಿಲ್ಲ. ಎಲ್ಲರೂ ತಮ್ಮ ತಮ್ಮ ಚಿತ್ರಕ್ಕೆ ತಟ್ಟುತ್ತಿದ್ದರು.

ಊಟ ಮುಗಿದು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದಾಗ ಸ್ನೇಹಲತಾ ಆ ದಂಪತಿಗಳನ್ನು ಕರೆದುಕೊಂಡು ಬಂದರು. ರಟ್ಟು ಇನ್ನೂ ಕೈಯಲ್ಲಿತ್ತು. ರತ್ನಾವತಿಯ ಕೈಯಲ್ಲಿ ಥರ್ಮಾಸಿನ ಮುಚ್ಚಳದ ಲೋಟ. ಸ್ನೇಹಲತಾ ನೇರ ಗೋಡೆಯ ಕೆಳಗೆ ಬಂದು ನಿಂತು, ಕತ್ತೆತ್ತಿ ನೋಡಿದರು. ನೋಡಿಯೇ ನೋಡಿದರು.

"ವ್ಯಾಸರಾಜರೇ, ಸ್ವೆಟರು ಕಾಣ್ತಾ ಇಲ್ಲ."

"ಮಾಲೆ ಅಡ್ಡ ಬಂದಿದೆಯಮ್ಮ," ಎಂದೆ. "ಒಮ್ಮೆ ಹಾಕಿದ ಮಾಲೆಯನ್ನು ಸರಿಸಬಾರದು. ಒಣಗಿದ ಮೇಲೆ ಸ್ವಲ್ಪ ಕಾಣುತ್ತೆ."

ಆಕೆ ತಲೆಯಾಡಿಸಿದರು. ಅರವಿಂದರು ಹನ್ನೊಂದು ಚಿತ್ರಗಳನ್ನೂ ಬೆರಗಿನಿಂದ ನೋಡಿ, ನೀಲಿ ಕೋಟಿನ ರಾಮನಾಥರ ಹತ್ತಿರ ನಿಂತರು. "ಇವರು ಯಾರು ಮೇಡಂ?"

"ನಿಮ್ಮನ್ನು ಕರ್ಕೊಂಡು ಬರಬೇಕಾಗಿದ್ದವರು," ಎಂದರು ಸ್ನೇಹಲತಾ. ಆಮೇಲೆ "ಜನರಲ್" ಎಂದು ಸೇರಿಸಿದರು.

ಅರವಿಂದರು ಕಾಲು ಜೋಡಿಸಿ ಸೆಲ್ಯೂಟು ಹೊಡೆದರು. ಅಧಿಕಾರಿಗಳಾದ ನಾವು ಅದನ್ನು ಸ್ವೀಕರಿಸದಿರುವುದು ಶಿಸ್ತಿಗೆ ವಿರುದ್ಧವಾದ್ದರಿಂದ ಆರು ಮಂದಿಯೂ ತಿರುಗಿ ಹೊಡೆದೆವು. ನನ್ನ ಬಲಗೈಯಲ್ಲಿ ಆರತಿ ತಟ್ಟೆಯಿದ್ದುದರಿಂದ ನಾನು ಎಡಗೈಯಲ್ಲಿ ಹೊಡೆದೆ. ಪೂಜಾ ಉಪಸಮಿತಿಗೆ ಈ ವಿನಾಯಿತಿಯನ್ನು ಮುಂದಿನ ಸಭೆಯಲ್ಲಿ ಕೊಡಲಾಯಿತು. ಬಾಗಿಲಲ್ಲಿದ್ದ ಮಿರ್ಕೋ ಮತ್ತೆ ಅತ್ತರು.

ಇಡೀ ಭವನದಲ್ಲಿ ಯಾವ ಪದವಿಯೂ ಇಲ್ಲದೆ ತಮ್ಮ ಕೈಗೆ ಸಿಕ್ಕ ಮೊದಲ ಗಂಡಸು ಅರವಿಂದರೆಂಬುದು ಶೇಷಾದ್ರಿಯವರ ಗಮನಕ್ಕೆ ಬಂದು,  ಅವರನ್ನು ಅಲ್ಲಿಯೇ ಸಿಪಾಯಿಯಾಗಿ ನೇಮಿಸಲಾಯಿತು. "ಆಗ್ಲಿ ಸಾರ್" ಎಂದು ಅವರು ಒಪ್ಪಿಕೊಂಡರು. ಗೋಡೆಯ ಮೇಲೆ ಯಾವಾಗ ಹಾಕುತ್ತೀರಿ ಎಂದಷ್ಟೇ ಕೇಳಿದರು. ಒಂದು ವರ್ಷ ಏರ್ಪೋರ್ಟು ಕೆಲಸ ಮಾಡಿದರೆ ಲೆಫ್ಟಿನೆಂಟ್ ಎಂದು ವೆಂಕಟಾಚಲ ಮಾತು ಕೊಟ್ಟರು. ಅವರು ಕೊಟ್ಟ ಮಾತು ತಪ್ಪುವವರಲ್ಲ.

ಆ ವರ್ಷ ಈಗ ಮುಗಿಯುತ್ತ ಬಂದಿದೆ. ಅರವಿಂದರು ಚಿತ್ರಕ್ಕೆ ಕೂರತೊಡಗಿದ್ದಾರೆ. ಅವರ ಕೈ ರಟ್ಟು ಹಿಡಿದು ಪಳಗಿರುವುದರಿಂದ ಕತ್ತಿ ಬಹಳ ಚೆನ್ನಾಗಿ ಕೂರುತ್ತದೆಂದು ತಿರುಮಲೇಶರು ಮೆಚ್ಚಿದ್ದಾರೆ. ಅಧಿಕಾರಿಯಾದ ಮೇಲೆ ಅವರು ಏರ್ಪೋರ್ಟಿಗೆ ಹೋಗುವಂತಿಲ್ಲವಲ್ಲ, ಮುಂದೇನು ಎಂದು ಕಳೆದ ಸಭೆಯಲ್ಲಿ ಯಾರೋ ಕೇಳಿದರು. ಸ್ನೇಹಲತಾ ಮೂಲೆಯಲ್ಲಿದ್ದ ರಟ್ಟನ್ನು ಎತ್ತಿಕೊಂಡು, ಧೂಳು ಒರೆಸಿ, ಮತ್ತೆ ತಮ್ಮ ಕಾರಿನ ಡಿಕ್ಕಿಯಲ್ಲಿಟ್ಟು ಬಂದರು. ಜನರಲ್ಲರ ಪತ್ನಿ ಹೀಗೆ ಮಾಡುವುದು ಕ್ರಮವೇ ಎಂಬ ಪ್ರಶ್ನೆ ಎದ್ದಿತು. ಶೇಷಾದ್ರಿಯವರು ನಿಯಮಗಳನ್ನೆಲ್ಲ ಪರಿಶೀಲಿಸಿ ಸಭೆಗೆ ಸಮಾಧಾನ ಹೇಳಿದರು: ಸದರಿ ರಟ್ಟಿಗೆ ಯಾವ ಪದವಿಯೂ ಇಲ್ಲ, ಆದ್ದರಿಂದ ಅದನ್ನು ಯಾರು ಬೇಕಾದರೂ ಹಿಡಿಯಬಹುದು.